ಬೆನ್ನು ನೆಲಕ್ಕೆ ತಾಗಿದ ಮೇಲೆ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಶಾಲೆಯಲ್ಲಿ ಹುಡುಗಿಯರಿಗೆ ಹಾಸಿದ ನಮ್ಮ ಮೊದಲ ಮ್ಯಾಟುಗಳು ನೀಲಿ ಬಣ್ಣದವು ಎಂದು ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಮೊನ್ನೆ ಹಳೆಯ ದಿನಚರಿ ತೆಗೆದು ನೋಡಿದರೆ ನನ್ನದೇ ಕೈಬರಹದಲ್ಲಿ ‘ಹಸಿರು ಮ್ಯಾಟು ಬಂತು, ರಬ್ಬರ್ ವಾಸನೆಗೆ ತಲೆನೋವು’ ಎಂದಿದೆ. ಕಣ್ಣು ಮುಚ್ಚಿದರೆ ಮಾತ್ರ ಅವು ಈಗಲೂ ನೀಲಿಯೇ. ದಿನಚರಿಯನ್ನೇ ನಂಬೋಣವೆಂದರೆ ಅದನ್ನು ಬರೆದವಳೂ ನಾನೇ, ಅದೂ ದಣಿದು ಬಸ್ಸಿಳಿದು ಬಂದ ಮೇಲೆ, ಅರ್ಧ ಸಿಟ್ಟಿನಲ್ಲಿ. ಆದ್ದರಿಂದ ಎರಡೂ ಒಪ್ಪುವಲ್ಲಿ ಧೈರ್ಯವಾಗಿ ಬರೆಯುತ್ತೇನೆ. ಒಪ್ಪದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತಳಾಗಿ ಎರಡು ವರ್ಷವಾಯಿತು. ಈಗ ನಂಜನಗೂಡಿನಲ್ಲಿದ್ದೇನೆ. ಹೊಸದಾಗಿ ಅದೇ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು, “ಮೇಡಂ, ಜಿಯು-ಜಿಟ್ಸು ಕಲಿಸಿದ್ರೆ ಮಕ್ಕಳ ದೇಹಕ್ಕೆ, ಮನಸ್ಸಿಗೆ ಏನೇನು ಉಪಯೋಗ ಅಂತ ಒಂದು ಪುಟ ಬರ್ದುಕೊಡಿ. ನಮ್ಮ ಹೆಡ್ ಮಾಸ್ಟರಿಗೆ ತೋರಿಸ್ಬೇಕು” ಎಂದರು. ಬರೆದೆ. ಮೈ ಹಗುರವಾಗಿ ಬಗ್ಗುತ್ತದೆ, ದಮ್ಮು ಹೆಚ್ಚುತ್ತದೆ, ನಿದ್ದೆ ಬರುತ್ತದೆ, ಅಂಜಿಕೆ ಇಳಿಯುತ್ತದೆ. ಓದಿ ನೋಡಿದರೆ ಟಾನಿಕ್ ಬಾಟಲಿಯ ಮೇಲಿನ ಚೀಟಿಯ ಹಾಗಿತ್ತು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಹರಿದುಹಾಕಿದೆ. ನನಗೆ ಗೊತ್ತಿರುವುದು ಆ ಪಟ್ಟಿಯಾಗಿ ಅಲ್ಲ. ನನ್ನ ಸರ್ವೀಸಿನ ಕೊನೆಯ ವರ್ಷವಿಡೀ ತಲೆಯ ಮೇಲೆ ತೂಗುತ್ತಿದ್ದ ಒಂದು ಪ್ರಶ್ನೆಯಾಗಿ: ನಮ್ಮಣ್ಣನ ಮೊಮ್ಮಗಳು ರಾಜೇಶ್ವರಿ ಹತ್ತನೇ ತರಗತಿ ಪರೀಕ್ಷೆಯ ಕೊಠಡಿಯಲ್ಲಿ ಮೂರು ಗಂಟೆ ಕೂರುತ್ತಾಳೋ, ಇಲ್ಲ ಎದ್ದು ಓಡಿಬರುತ್ತಾಳೋ?

ಅದಕ್ಕೂ ಮೊದಲು ನನ್ನ ಕಥೆ ಸ್ವಲ್ಪ ಹೇಳಬೇಕು. ಅದಿಲ್ಲದೆ ಅವಳದು ನನಗೇ ಅರ್ಥವಾಗುತ್ತಿರಲಿಲ್ಲ.

ಹುಲ್ಲಹಳ್ಳಿಯ ಕಡೆ ಒಂದು ಶಾಲೆಯಲ್ಲಿದ್ದೆ. ಐವತ್ತು ತುಂಬುವ ಹೊತ್ತು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸಿ ‘ಸಾವಧಾನ್’ ಎಂದೆ. ಆಮೇಲೆ ‘ವಿಶ್ರಾಮ್’ ಎನ್ನಬೇಕು. ಬಾಯಿಂದ ಮಾತು ಬರಲಿಲ್ಲ. ಎದೆ ಹೊಡೆದುಕೊಳ್ಳುತ್ತಿದೆ, ಅಂಗೈ ಒದ್ದೆ, ಈಗಲೇ ಸತ್ತೆ ಅನ್ನಿಸುತ್ತಿದೆ. ನಾನು ಸೀಟಿ ಕಚ್ಚಿಕೊಂಡು ನಿಂತೆ, ಮಕ್ಕಳು ಬೆರಳು ಅಲ್ಲಾಡಿಸದೆ ನಿಂತರು. ಎಷ್ಟು ಹೊತ್ತೋ ಕಾಣೆ. ಗೇಟಿನ ಹತ್ತಿರವಿದ್ದ ಒಬ್ಬ ಪೋಷಕರು ಆಮೇಲೆ ಬಂದು, “ಏನ್ ಶಿಸ್ತು ಮೇಡಂ ನಿಮ್ ಸ್ಕೂಲ್ದು! ನಮ್ ಮಗಳ್ನೂ ಇಲ್ಲಿಗೇ ಸೇರಿಸ್ತೀನಿ” ಎಂದರು. ಸೇರಿಸಿದರು ಕೂಡ.

ಡಾಕ್ಟರು ಇಸಿಜಿ ನೋಡಿ, “ಹೃದಯ ಚೆನ್ನಾಗಿದೆ. ಇದು ಗಾಬರಿ, ಇದಕ್ಕೂ ಚಿಕಿತ್ಸೆ ಇದೆ” ಎಂದರು. ಮಾತ್ರೆ ಕೊಟ್ಟು, ಮೈಸೂರಿನಲ್ಲಿ ಮನೋವೈದ್ಯರ ಬಳಿ ಹೋಗಲು ಚೀಟಿ ಬರೆದರು. ಎರಡು ಸಲ ಹೋಗಿ ಬಿಟ್ಟುಬಿಟ್ಟೆ. ಡ್ರಿಲ್ ಟೀಚರಿಗೆ ಗಾಬರಿ ಕಾಯಿಲೆ ಅಂದರೆ ಸ್ಟಾಫ್ ರೂಮಿನಲ್ಲಿ ಏನಂದಾರು ಎಂಬ ನಾಚಿಕೆ. ಇದು ನನ್ನ ವೃತ್ತಿಯ ಮೊದಲ ದೊಡ್ಡ ತಪ್ಪು. ನೀವು ಮಾಡಬೇಡಿ. ಸ್ವಯಂನಿವೃತ್ತಿಗೆ ಅರ್ಜಿ ಬರೆದು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ.

ಆ ಅರ್ಜಿ ಬ್ಯಾಗಿನಲ್ಲಿರುವಾಗಲೇ ಮೈಸೂರಿನಲ್ಲಿ ಹತ್ತು ದಿನದ ಆತ್ಮರಕ್ಷಣೆ ತರಬೇತಿಗೆ ಆದೇಶ ಬಂತು. ಕಲಿಸಲು ಬಂದವಳು ಅಂಜುಮ್ ಎಂಬ ಹುಡುಗಿ, ನನ್ನ ಅರ್ಧ ವಯಸ್ಸಿನವಳು. ನಾವೆಲ್ಲ ಗುದ್ದುವುದು, ಒದೆಯುವುದು ಕಲಿಸುತ್ತಾಳೆ ಎಂದುಕೊಂಡರೆ ಅವಳು ಎಲ್ಲರನ್ನೂ ಅಂಗಾತ ಮಲಗಿಸಿದಳು. ಜಿಯು-ಜಿಟ್ಸು ಎಂದರೆ ಬಹುಮಟ್ಟಿಗೆ ನೆಲದ ಮೇಲಿನ ಹಿಡಿತ. ಮೇಲಿರುವವರ ಭಾರದಡಿಯಿಂದ ಜಾಗ ಮಾಡಿಕೊಂಡು ಹೊರಗೆ ಬರುವುದು, ತೋಳಿಗೋ ಕತ್ತಿಗೋ ಪಟ್ಟು ಹಾಕುವುದು, ಸಾಕೆನಿಸಿದಾಗ ಕೈ ತಟ್ಟುವುದು. ಅಂಜುಮ್ ನನ್ನ ಎದೆಯ ಮೇಲೆ ಕೂತಳು. ಪ್ರಾರ್ಥನೆಯ ಬೆಳಿಗ್ಗೆ ಆದದ್ದೇ ಮತ್ತೆ ಶುರುವಾಯಿತು.

“ಮೇಡಂ, ತಟ್ಟಿ. ಒಂದ್ಸಲ ತಟ್ಟಿದ್ರೆ ಎದ್ಬಿಡ್ತೀನಿ.”

“ನೀನಿನ್ನೂ ಏನೂ ಮಾಡೇ ಇಲ್ಲವಲ್ಲಮ್ಮ!”

“ಭಯ ಆಯ್ತು ಅಂತಾನೂ ತಟ್ಟಬಹುದು. ಇಲ್ಲಿ ಯಾರೂ ಕಾರಣ ಕೇಳಲ್ಲ.”

ತಟ್ಟಿದೆ. ಎದ್ದಳು. ಅಷ್ಟೇ ನಡೆದದ್ದು. ಆದರೆ ನನ್ನ ಐವತ್ತು ವರ್ಷದಲ್ಲಿ ‘ಸಾಕು’ ಎಂದಾಕ್ಷಣ, ಯಾಕೆ ಎಂದು ಕೇಳದೆ ಯಾರಾದರೂ ಬಿಟ್ಟದ್ದು ಅದೇ ಮೊದಲು ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಅಮ್ಮ ಬಿಡುತ್ತಿದ್ದಳು. ಆ ದಿನ ಹದಿನೇಳು ಸಲ ತಟ್ಟಿದೆ. ಹತ್ತನೆಯ ದಿನದ ಪುಟದಲ್ಲಿ ‘ನಾಲ್ಕು’ ಎಂದಿದೆ. ನಡುವೆ ಎಲ್ಲೋ ಒಂದು ಕಡೆ, ಎದೆಯ ಮೇಲೆ ಭಾರವಿದ್ದಾಗ ಎದೆಯಿಂದ ಉಸಿರೆಳೆಯಲು ಹೋಗಬಾರದು, ಹೊಟ್ಟೆಗೆ ಕಳಿಸಬೇಕು, ಮುಖ್ಯವಾಗಿ ಉಸಿರು ಬಿಡುವುದನ್ನು ನಿಧಾನ ಮಾಡಬೇಕು ಎಂಬುದನ್ನು ಮೈ ತಾನೇ ಕಲಿತುಕೊಂಡಿತ್ತು.

ಆಮೇಲೆ ತಿಂಗಳಿಗೆ ಎರಡು ಭಾನುವಾರ ಅಂಜುಮ್‌ಳ ಕ್ಲಾಸಿಗೆ ಹೋದೆ. ಬಿಟ್ಟಿದ್ದ ಮನೋವೈದ್ಯರ ಬಳಿಗೂ ಹೋದೆ. ಒಂದು ವರ್ಷದಲ್ಲಿ ಬಲ ಹೆಗಲಿನ ಹಳೆಯ ನೋವು ಹೋಯಿತು, ರಾತ್ರಿ ಎಂಟೂವರೆಗೆ ಕಣ್ಣು ಎಳೆಯತೊಡಗಿತು, ಅರ್ಜಿ ಬ್ಯಾಗಿನಲ್ಲೇ ಪುಡಿಯಾಯಿತು. ಎಡಗಾಲಿನ ಕಿರುಬೆರಳೂ ಮುರಿಯಿತು, ಅದನ್ನು ಬಚ್ಚಿಡುವುದು ಸರಿಯಲ್ಲ. ಯಾವುದರಿಂದ ಎಷ್ಟು ಗುಣವಾಯಿತು ಎಂದು ನನ್ನನ್ನು ಕೇಳಬೇಡಿ. ಡಾಕ್ಟರ ಮಾತ್ರೆಯೋ, ಅಂಜುಮ್‌ಳ ಮ್ಯಾಟೋ, ಅಲ್ಲಿ ಹೋದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕದ್ದೋ, ಬೇರೆಮಾಡಿ ತೂಗಲು ನನ್ನಿಂದ ಆಗಿಲ್ಲ.

ವರ್ಗವಾಗಿ ತಿ. ನರಸೀಪುರ ತಾಲ್ಲೂಕಿಗೆ ಬಂದೆ. ಶಾಲೆ ತಲಕಾಡಿನ ಬಸ್ಸು ಹೋಗುವ ದಾರಿಯಲ್ಲಿ, ನನ್ನ ತವರೂರಿನಲ್ಲೇ. ಅಲ್ಲಿ ಹುಡುಗಿಯರಿಗೆ ಜಿಯು-ಜಿಟ್ಸು ಕಲಿಸಲು ಹೆಡ್ ಮಾಸ್ಟರ ಅನುಮತಿ ಕೇಳಿದೆ. ಅವರು ಗಣಿತದವರು, ನಗು ಬಂದರೆ ಮೀಸೆಯೊಳಗೇ ಇಟ್ಟುಕೊಳ್ಳುವವರು. “ಈ ಹೆಸರು ವೇಳಾಪಟ್ಟಿಯಲ್ಲಿ ಹಾಕೋಕೆ ಕಾಲಂ ಇಲ್ಲ ಮೇಡಂ. ಯೋಗ ಅಂತ ಹಾಕ್ತೀನಿ, ನೀವು ಏನು ಬೇಕಾದ್ರೂ ಮಾಡಿ” ಎಂದರು. ಒಂದು ದಿನ ಹೇಳದೆ ಕೇಳದೆ ತಪಾಸಣೆಗೆ ಬಂದ ಸಾಹೇಬರಿಗೆ ‘ಯೋಗ’ ನೋಡುವ ಮನಸ್ಸಾಯಿತು. ಅವರು ಬಂದಾಗ ಒಬ್ಬಳು ಅಂಗಾತ ಮಲಗಿದ್ದಾಳೆ, ಇನ್ನೊಬ್ಬಳು ಅವಳ ಎದೆಯ ಮೇಲೆ ಕೂತು ಕತ್ತಿನ ಪಟ್ಟಿ ಹಿಡಿದಿದ್ದಾಳೆ.

“ಇದ್ಯಾವ ಆಸನ?” ಎಂದರು ಸಾಹೇಬರು.

“ಶವಾಸನ ಸಾರ್,” ಎಂದರು ಹೆಡ್ ಮಾಸ್ಟರು, ರೆಪ್ಪೆ ಅಲುಗಿಸದೆ. “ಜೋಡಿ ಶವಾಸನ.”

ಕೆಳಗಿದ್ದ ಹುಡುಗಿ ನಗು ತಡೆಯಲಾರದೆ ಮ್ಯಾಟು ತಟ್ಟಿದಳು. ಸಾಹೇಬರು ನಮ್ಮನ್ನು ಬೈಯಲಿಲ್ಲ. ಹೋಗುವಾಗ, “ನನಗೂ ಬೆನ್ನು ನೋವಿದೆ, ಇದು ಆಗುತ್ತಾ?” ಎಂದು ಕೇಳಿದರಂತೆ. ಈ ಕೊನೆಯ ಮಾತು ನಾನು ಕೇಳಿಸಿಕೊಂಡದ್ದಲ್ಲ, ಹೆಡ್ ಮಾಸ್ಟರು ಹೇಳಿದ್ದು. ಅವರನ್ನು ಎಷ್ಟು ನಂಬಬಹುದು ಎಂಬುದನ್ನು ನೀವೇ ನೋಡಿದಿರಲ್ಲ.

ರಾಜೇಶ್ವರಿ, ನಮ್ಮ ರಾಜಿ, ಅದೇ ಶಾಲೆಯಲ್ಲಿದ್ದಳು. ಅವಳ ಅಪ್ಪ ಅಮ್ಮ ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದುದರಿಂದ ಅವಳು ಬೆಳೆದದ್ದು ತಾತನ ಮನೆಯಲ್ಲಿ, ಎಂದರೆ ನಮ್ಮಣ್ಣ ಮಾದೇವನ ಹತ್ತಿರ. ಓದಿನಲ್ಲಿ ಚುರುಕು. ಶಾಲೆಯಲ್ಲಿ ನನ್ನನ್ನು ‘ಮಿಸ್’ ಎನ್ನಬೇಕು, ಮನೆಯಲ್ಲಿ ‘ಅಜ್ಜಿ’. ಎರಡೂ ಬೆರೆತು ‘ಮಿಸ್ಸಜ್ಜಿ’ ಎಂದು ಕರೆದು ಇಡೀ ತರಗತಿಯ ಬಾಯಿಗೆ ಅದೇ ಹೆಸರು ಅಂಟಿಸಿಬಿಟ್ಟಿದ್ದಳು. ಒಂಬತ್ತನೆಯ ತರಗತಿಯ ಕೊನೆಯ ಪರೀಕ್ಷೆಯಲ್ಲಿ, ಪ್ರಶ್ನೆಪತ್ರಿಕೆ ಕೈಗೆ ಬಂದ ಸ್ವಲ್ಪ ಹೊತ್ತಿಗೆ ಅವಳು ಬೆಂಚು ಬಿಟ್ಟೆದ್ದು ಓಡಿದಳು. ಹುಡುಕಿದಾಗ ಸೈಕಲ್ ಸ್ಟ್ಯಾಂಡಿನ ಹಿಂದೆ ಕೂತು ಗಾಳಿಗೆ ಬಾಯಿ ತೆರೆಯುತ್ತಿದ್ದಳು. ಮಾರನೆಯ ದಿನವೂ ಅದೇ ಕಥೆ. ಹೇಗೋ ಹತ್ತಕ್ಕೆ ತಂದರು. ಆದರೆ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು, “ನಾನು ಪಬ್ಲಿಕ್ ಪರೀಕ್ಷೆ ಬರೆಯಲ್ಲ. ಅಮ್ಮನ ಜೊತೆ ಕೆಲ್ಸಕ್ಕೆ ಓಯ್ತೀನಿ.” ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದೆವು. ಅವರು ನನಗೆ ಹಿಂದೆ ಹೇಳಿದ್ದನ್ನೇ ಹೇಳಿ, ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ಈ ಸಲ ನಾವು ಬಿಡಲಿಲ್ಲ, ತಪ್ಪದೆ ಹೋದೆವು.

ಜೂನಿನಲ್ಲಿ ಮ್ಯಾಟು ಹಾಸಿದೆ. ರಾಜಿ ದೂರದಲ್ಲಿ ನಿಂತು ನೋಡಿದಳು, ಹತ್ತಿರ ಬರಲಿಲ್ಲ. “ಎಲ್ರೂ ನೋಡ್ತಾರೆ ಮಿಸ್ಸಜ್ಜಿ. ನಾಲ್ಕು ಗೋಡೆ ಒಳಗಾದ್ರೆ ಬತ್ತೀನಿ” ಎಂದಳು. ಶಾಲೆಯಲ್ಲಿ ಅಂಥ ದೊಡ್ಡ ಕೋಣೆಯಿರಲಿಲ್ಲ. ಮಳೆಗೆ ಮ್ಯಾಟು ನೆನೆಯುತ್ತಿತ್ತು. ಊರಿನಲ್ಲಿ ನಾಲ್ಕು ಗೋಡೆಯ ಒಂದೇ ಒಂದು ಖಾಲಿ ಜಾಗವೆಂದರೆ ಗರಡಿಮನೆ. ಅದರ ಬೀಗದ ಕೈ ಇದ್ದದ್ದು ನಮ್ಮಣ್ಣನ ಸೊಂಟದಲ್ಲಿ.

ಅಣ್ಣ ವಯಸ್ಸಿನಲ್ಲಿ ಪೈಲ್ವಾನ. ಗರಡಿಗೆ ಯಾರೂ ಬಾರದಂತಾದ ಮೇಲೂ ವಾರಕ್ಕೊಮ್ಮೆ ಬಾಗಿಲು ತೆರೆದು ಮಟ್ಟಿಯನ್ನು, ಎಂದರೆ ಕುಸ್ತಿಯ ಕೆಂಪು ಮಣ್ಣನ್ನು, ಕೆದಕಿ ನೀರು ಚಿಮುಕಿಸಿ ದೀಪ ಹಚ್ಚುತ್ತಿದ್ದ. ಹೆಂಗಸರು ಆ ಮಣ್ಣು ತುಳಿಯುವ ಹಾಗಿಲ್ಲ. ಚಿಕ್ಕಂದಿನಲ್ಲಿ ನಾನು ಅದರ ಕಿಟಕಿಗೆ ಜೋತುಬಿದ್ದೇ ಕುಸ್ತಿ ನೋಡಿದವಳು.

“ಎಣ್ಣುಮಕ್ಳಾ? ಗರಡಿ ಒಳಿಕ್ಕಾ? ನಿಂಗೇನ್ ಪುಟ್ಟಿ, ರಿಟೇರಾಗಕ್ ಮುಂಚೇನೇ ಅರಳುಮರಳಾ?” ಎಂದ ಅಣ್ಣ.

“ನಾಲ್ಕು ಗೋಡೆ ಇದ್ದರೆ ರಾಜಿ ಬರುತ್ತಾಳಂತೆ ಅಣ್ಣ.”

ಮೂರನೆಯ ದಿನ ಶಾಲೆಗೆ ಹೇಳಿಕಳಿಸಿದ. ಹೋಗಿ ನೋಡಿದರೆ ಅರವತ್ತೆಂಟರ ಮುದುಕ ಒಬ್ಬನೇ ಗುದ್ದಲಿ ಹಿಡಿದು, ಅಷ್ಟೂ ಮಣ್ಣನ್ನು ಒಂದು ಮೂಲೆಗೆ ಗುಡ್ಡೆ ಹಾಕಿ, ಒದ್ದೆ ಗೋಣಿಚೀಲ ಹೊದಿಸಿ, ಅದರ ಮುಂದೆ ದೀಪವಿಟ್ಟಿದ್ದ. “ಮಟ್ಟಿ ಅಗೋ ಅಲ್ಲಿ ಅದೆ. ಅದ್ನ ಯಾರೂ ತುಳಿಯಂಗಿಲ್ಲ. ಮಿಕ್ಕಿದ್ದು ಬರೀ ನೆಲ. ಬರೀ ನೆಲದ್ ಮ್ಯಾಲೆ ನೀವು ಉಳ್ಳಾಡ್ತಿರೋ, ರಾಗಿ ಒಣಗಾಕ್ತಿರೋ, ನಂಗೇನು?” ಊರಿನ ಹಿರಿಯರು ಒಂದಿಬ್ಬರು ಗೊಣಗಿದಾಗಲೂ ಇದನ್ನೇ ಹೇಳಿದ.

ಹೀಗೆ ಹದಿಮೂರು ಹುಡುಗಿಯರು ಗರಡಿ ಹೊಕ್ಕರು. ರಾಜಿ ಹದಿಮೂರನೆಯವಳು. ಹಿಡಿತಕ್ಕೆ ದಪ್ಪ ಅಂಗಿ ಬೇಕು. ಕೊಳ್ಳುವ ಮಾತಿರಲಿಲ್ಲ. ಊರಿನ ಟೈಲರ್ ಹಳೆಯ ಜಮಖಾನಗಳನ್ನು ಕತ್ತರಿಸಿ ತೋಳಿನ ಅಂಗಿ ಹೊಲಿದುಕೊಟ್ಟ. ಕೆಂಪು, ಹಸಿರು, ಹಳದಿ ಪಟ್ಟೆಗಳು. ಹದಿಮೂರೂ ಜನ ಸಾಲಾಗಿ ನಿಂತರೆ ಮದುವೆ ಮನೆಯ ಹಾಸು ಎದ್ದು ನಿಂತ ಹಾಗಿತ್ತು.

ಈಗ ನನ್ನ ಎರಡನೆಯ ದೊಡ್ಡ ತಪ್ಪು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಅಲ್ಲಿಗೆ ಆಟ ಮುಗಿಯಿತು. ಕಿಟಕಿಗೆ ಜೋತುಬಿದ್ದು ನೋಡಿದ್ದು ನನ್ನ ಮೂಳೆಯಲ್ಲಿತ್ತು. ಅಂಜುಮ್ ಹೇಳಿಕೊಟ್ಟದ್ದರಲ್ಲಿ ನೆನಪು ಕೈಕೊಟ್ಟ ಕಡೆಯೆಲ್ಲ ನಾನು ಗೊತ್ತಿಲ್ಲದೆ ಗರಡಿಯನ್ನು ತುಂಬಿದೆ. ಸಾಲದ್ದಕ್ಕೆ ಅಣ್ಣ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತು ಕೂಗುತ್ತಿದ್ದ: “ಬೆನ್ ಕೊಡ್ಬ್ಯಾಡ ಕಣವ್ವೋ! ಮಕಾಡೆ ಬೀಳು! ಮಕಾಡೆ!” ಹುಡುಗಿಯರು ಚೆನ್ನಾಗಿ ಕಲಿತರು. ಕೆಡವಿದ ತಕ್ಷಣ ದೋಸೆ ಮಗುಚಿದ ಹಾಗೆ ಹೊಟ್ಟೆಯ ಮೇಲೆ ತಿರುಗುತ್ತಿದ್ದರು. ಅಣ್ಣ ಚಪ್ಪಾಳೆ ತಟ್ಟುತ್ತಿದ್ದ.

ಡಿಸೆಂಬರಿನಲ್ಲಿ ಮೈಸೂರಿನಲ್ಲೊಂದು ಸಣ್ಣ ಸೌಹಾರ್ದ ಸ್ಪರ್ಧೆ. ಜಮಖಾನದ ಅಂಗಿ ತೊಟ್ಟ ಐದು ಜನರನ್ನು ಕರೆದುಕೊಂಡು ಹೋದೆ. ಅಣ್ಣನೂ ಬಂದ, ಇಸ್ತ್ರಿ ಮಾಡಿದ ಪಂಚೆ ಉಟ್ಟು. ಮೊದಲನೆಯವಳು ಬಿದ್ದಳು, ಮಗುಚಿಕೊಂಡಳು. ಎದುರಾಳಿ ಅವಳ ಬೆನ್ನಿಗೆ ಅಂಟಿಕೊಂಡು ಹಿಂದಿನಿಂದ ಕತ್ತಿಗೆ ಕೈ ಸುತ್ತಿದಳು. ತಟ್ಟಿದಳು, ಮುಗಿಯಿತು. ಎರಡನೆಯವಳು ಬಿದ್ದಳು, ಮಗುಚಿಕೊಂಡಳು, ತಟ್ಟಿದಳು. ಮೂರನೆಯವಳು, ನಾಲ್ಕನೆಯವಳು. ಐದನೆಯವಳು ಯಾರೂ ಕೆಡವದಿದ್ದರೂ ಗಾಬರಿಗೆ ತಾನೇ ಮಗುಚಿಕೊಂಡಳು. ಒಂದು ಚಹಾ ಕುಡಿಯುವಷ್ಟರಲ್ಲಿ ಐವರೂ ಸೋತು ಬಂದರು. ತೀರ್ಪುಗಾರಳಾಗಿದ್ದ ಅಂಜುಮ್ ನಗುತ್ತ ನಮ್ಮ ಹತ್ತಿರ ಬಂದಳು.

“ಮೇಡಂ, ಎಲ್ರೂ ಹೀಗೆ ಬೆನ್ನು ಕೊಡ್ತಿದಾರಲ್ಲ, ಯಾರು ಹೇಳ್ಕೊಟ್ಟಿದ್ದು?”

“ಬೆನ್ ಕೊಡ್ಬ್ಯಾಡಿ ಅಂತ್ಲೇ ಏಳ್ಕೊಟ್ಟಿದ್ದು ಕಣವ್ವ!” ಎಂದ ಅಣ್ಣ.

“ತಾತ, ಕುಸ್ತೀಲಿ ಬೆನ್ನು ನೆಲಕ್ಕೆ ಕೊಡಬಾರದು. ಇಲ್ಲಿ ಬೆನ್ನು ಎದುರಾಳಿಗೆ ಕೊಡಬಾರದು. ನೆಲಕ್ಕೆ ಕೊಟ್ರೆ ಏನೂ ಆಗಲ್ಲ. ಅಂಗಾತ ಬಿದ್ರೆ ಎರಡು ಕೈ, ಎರಡು ಕಾಲು, ಕಣ್ಣು, ಎಲ್ಲಾ ಎದುರಾಳಿ ಕಡೆಗೇ ಇರುತ್ತೆ. ಅಲ್ಲಿಂದಾನೇ ಆಟ ಶುರು.”

“ಬಿದ್ ಮ್ಯಾಲೆ ಶುರುವಾ?” ಎಂದ ಅಣ್ಣ. ಬಸ್ಸಿನಲ್ಲಿ ಹುಡುಗಿಯರು ಅಳುತ್ತಾರೇನೋ ಎಂದು ನಾನು ಹೆದರಿದ್ದರೆ ಅವರು ಒಬ್ಬರಿಗೊಬ್ಬರು ಮಗುಚಿಕೊಂಡ ಅಣಕು ಮಾಡಿ ನಗುತ್ತಿದ್ದರು. “ಮಿಸ್ಸಜ್ಜಿ, ನಮ್ ಹೆಸ್ರು ದೋಸೆ ಟೀಮ್ ಅಂತ ಬರ್ಸಿ” ಎಂದಳು ಒಬ್ಬಳು. ಆ ದಿನ ಸ್ಪರ್ಧೆಗಿಳಿಯದೆ ಬರೀ ನೋಡಲು ಬಂದಿದ್ದ ರಾಜಿ ಮಾತ್ರ ತಾತನ ಪಕ್ಕ ಕೂತು, “ಬಿದ್ ಮ್ಯಾಲೆ ಶುರು ಅಂತೆ ತಾತ” ಎಂದು ಎರಡು ಸಲ ಹೇಳಿದಳು. ಇದು ನನಗೆ ನೆನಪಿದೆ, ದಿನಚರಿಯಲ್ಲಿಲ್ಲ. ಹಾಗಾಗಿ ನಾನೇ ಕಟ್ಟಿಕೊಂಡದ್ದೋ ಏನೋ.

ಆ ಐದು ಸೋಲಿನಿಂದ ನಮ್ಮ ಗರಡಿ ಬದಲಾಯಿತು. ಎಲ್ಲರಿಗೂ ಮೊದಲಿನಿಂದ ಪಾಠ, ನನಗೂ. ಬೀಳುವುದನ್ನೇ ಕಲಿಸಿದೆವು. ಗದ್ದ ಎದೆಗೆ ಒತ್ತಿ, ತಲೆ ನೆಲಕ್ಕೆ ತಾಗದಂತೆ, ಅಂಗೈ ಅಗಲಿಸಿ ನೆಲಕ್ಕೆ ಬಡಿದು ಏಟನ್ನು ಹಂಚುವುದು. ಅಂಗಾತ ಬಿದ್ದು, ಭಾರದಡಿ ಇದ್ದು, ಮೊದಲು ಉಸಿರು, ಆಮೇಲೆ ಮೊಣಕೈಯಿಂದ ಒಂದಿಷ್ಟು ಜಾಗ, ಆಮೇಲೆ ಸೊಂಟ ಸರಿಸಿ ಹೊರಗೆ. ಈ ಕ್ರಮ ತಪ್ಪಿದರೆ ಎಷ್ಟು ಬಲವಿದ್ದರೂ ಪ್ರಯೋಜನವಿಲ್ಲ.

ರಾಜಿಗೆ ಈ ಮೊದಲನೆಯದೇ ಕಷ್ಟ. ಯಾರಾದರೂ ಎದೆಯ ಮೇಲೆ ಭಾರ ಬಿಟ್ಟರೆ ಸಾಕು, ಎರಡು ಎಣಿಸುವುದರೊಳಗೆ ತಟ್ಟುತ್ತಿದ್ದಳು. ಅವಳ ಜೋಡಿ ಗೌರಿ ಎಂಬ ದಪ್ಪ ಹುಡುಗಿ, ಬಹಳ ಒಳ್ಳೆಯವಳು. ತಟ್ಟಿದ ಕ್ಷಣ ಎದ್ದುಬಿಡುತ್ತಿದ್ದಳು. “ಲೇ ರಾಜಿ, ನಾನಿನ್ನೂ ಕೂತೇ ಇಲ್ಲ ಕಣೇ, ಗಾಳಿಗೆ ತಟ್ತಿಯಲ್ಲೇ!” ಎಂದು ಗೌರಿ ನಗುವಳು. ರಾಜಿಯೂ ನಗುವಳು. ಆ ನಗುವಿನಲ್ಲಿ ಉಸಿರು ತಾನಾಗಿ ಹೊರಗೆ ಹೋಗುವುದನ್ನು ನಾನು ಗಮನಿಸಿದೆ. ಎರಡು ಇದ್ದದ್ದು ಐದಾಯಿತು, ಹತ್ತಾಯಿತು. ಒಂದು ವಾರ ಮತ್ತೆ ಮೂರಕ್ಕೆ ಇಳಿಯಿತು. ನಾನು ಅವಸರ ಮಾಡಿ, “ಇನ್ನು ಸ್ವಲ್ಪ ತಡ್ಕೋ, ತಟ್ಟಬೇಡ” ಎಂದೆ. ಅದು ನನ್ನ ಮೂರನೆಯ ತಪ್ಪು, ಮೂರರಲ್ಲೂ ದೊಡ್ಡದು. ಅವಳು ತಡೆದುಕೊಂಡಳು. ಆಮೇಲೆ ಒಂದು ವಾರ ಗರಡಿಗೆ ಬರಲಿಲ್ಲ. ನಾನೇ ಹೋಗಿ, “ನೀನು ಯಾವಾಗ ತಟ್ಟಬೇಕು ಅಂತ ಹೇಳೋಕೆ ನನಗೆ ಹಕ್ಕಿಲ್ಲ, ತಪ್ಪಾಯ್ತು” ಎಂದು ಮೊಮ್ಮಗಳ ಕ್ಷಮೆ ಕೇಳಿದೆ. ತಟ್ಟುವ ಹಕ್ಕು ಮತ್ತೆ ತನ್ನದಾಯಿತು ಎಂದು ಖಾತ್ರಿಯಾದ ಮೇಲೆಯೇ ಅವಳ ಎಣಿಕೆ ಏರತೊಡಗಿದ್ದು. ಫೆಬ್ರವರಿಯ ಒಂದು ಸಂಜೆ ಗೌರಿಯ ಅಷ್ಟೂ ಭಾರದಡಿ ನೂರು ಎಣಿಸಿದಳು. ನೂರೊಂದಕ್ಕೆ ಸೊಂಟ ಸರಿಸಿ ಹೊರಗೆ ಬಂದು ಗೌರಿಯ ಬೆನ್ನೇರಿದಳು. ಬಾಗಿಲ ಬಳಿ ಕೂತಿದ್ದ ಅಣ್ಣ ಎದ್ದು ಹೊರಗೆ ಹೋಗಿ ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡು ಬಂದ.

ಈ ನಡುವೆ ಇನ್ನೆರಡು ಸಂಗತಿ, ಹೊಸಬರಿಗೆ ಬೇಕಾಗುತ್ತವೆ. ಒಂದು, ಹುಳುಕಡ್ಡಿ. ಮ್ಯಾಟು ಒರೆಸುವುದನ್ನು ಒಂದು ವಾರ ಮರೆತದ್ದಕ್ಕೆ ಏಳು ಹುಡುಗಿಯರ ಮೈಮೇಲೆ ಚಕ್ರ ಚಕ್ರವಾಗಿ ಎದ್ದಿತು. ನನ್ನ ಕತ್ತಿನ ಮೇಲೂ. ಉಗುರು ಕತ್ತರಿಸಿ, ಅಂಗಿ ಒಗೆಸಿ, ಮ್ಯಾಟು ದಿನಾ ಒರೆಸಿ, ಕಜ್ಜಿಯಿದ್ದವರನ್ನು ಗುಣವಾಗುವವರೆಗೆ ಕೂರಿಸಿ. ಇನ್ನೊಂದು, ತಾಯಂದಿರು. ಹುಡುಗಿಯರು ಒಬ್ಬರ ಮೇಲೊಬ್ಬರು ಹೊರಳಾಡುತ್ತಾರೆ ಎಂಬ ದೂರು ಬಂದಾಗ ನಾನು ವಾದ ಮಾಡಲಿಲ್ಲ, ಎಲ್ಲರನ್ನೂ ಗರಡಿಗೇ ಕರೆದೆ. ಗದ್ದೆ ಕೆಲಸ ಮುಗಿಸಿ ನೇರ ಬಂದಿದ್ದ ಗೌರಿಯ ಅಮ್ಮನನ್ನು ಮ್ಯಾಟಿನ ಮೇಲೆ ಮಲಗಿಸಿ ಉಸಿರಾಟ ಹೇಳಿಕೊಟ್ಟೆ. ಹೊತ್ತಾದರೂ ಅವರು ಏಳಲಿಲ್ಲ. ಗೌರಿ ಅಲುಗಿಸಿದಳು.

“ಸುಮ್ಕಿರೇ,” ಎಂದರು ಕಣ್ಣು ತೆರೆಯದೆ. “ಮನೇಲಿ ಇಂಗೆ ಮನಿಕಂಡ್ರೆ ನಿಮ್ಮಪ್ಪ ಉಸಾರಿಲ್ವಾ ಅಂತಾನೆ. ಮೇಡಮ್ಮೋರೇ, ನಮ್ಗೂ ವಾರಕ್ಕೊಂದ್ ಕಿತ ಇದ್ನ ಇಕ್ಕಳಿ.”

ಇಟ್ಟುಕೊಂಡೆವು. ಶುಕ್ರವಾರ ಸಂಜೆ ತಾಯಂದಿರ ಕ್ಲಾಸು. ಪಟ್ಟುಗಳನ್ನು ಅವರು ಹೆಚ್ಚು ಕಲಿಯಲಿಲ್ಲ. ಬೀಳುವುದನ್ನು, ನಗುವುದನ್ನು ಕಲಿತರು. ಮೊಣಕಾಲು ನೋವು ಕಡಿಮೆಯಾಯಿತು ಎಂದವರು ಇದ್ದಾರೆ, ಹೆಚ್ಚಾಯಿತು ಎಂದವರೂ ಒಬ್ಬರಿದ್ದಾರೆ.

ಮಾರ್ಚ್ ಬಂತು. ರಾಜಿಗೆ ಪರೀಕ್ಷಾ ಕೇಂದ್ರ ತಿ. ನರಸೀಪುರದಲ್ಲಿ. ಮೊದಲ ದಿನ ನಾನು, ಅಣ್ಣ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆವು. ಗೇಟಿನಲ್ಲಿ ಅವಳ ಮುಖ ಬೂದಿಯಾಗಿತ್ತು. “ಓಡಿ ಬಂದ್ಬುಟ್ರೆ ಬಯ್ಯಲ್ವಾ?” ಎಂದು ಕೇಳಿದಳು.

“ತಟ್ಟಿದರೆ ಬಿಡಬೇಕು ತಾನೆ? ಬಂದರೆ ಮಸಾಲೆದೋಸೆ ತಿಂದು ಮನೆಗೆ ಹೋಗೋಣ,” ಎಂದೆ.

“ಬರ್ದ್ರೆ?”

“ಆಗ್ಲೂ ಮಸಾಲೆದೋಸೇನೇ ಕಣವ್ವ,” ಎಂದ ಅಣ್ಣ. “ಬಂದಿರದೇ ಅದ್ಕೆ.”

ಅವಳು ಒಳಗೆ ಹೋದಳು. ನಾವಿಬ್ಬರೂ ಎದುರಿನ ಹೊಂಗೆ ಮರದ ಕೆಳಗೆ ಕಟ್ಟೆಯ ಮೇಲೆ ಕೂತೆವು. ಗಂಟೆ ಹೊಡೆಯಿತು. ಅಣ್ಣನ ಕಣ್ಣು ಗೇಟಿನ ಮೇಲಿತ್ತು. ಅವನು ನನಗೆ ಹೇಳುತ್ತಿದ್ದಾನೋ, ತನಗೇ ಹೇಳಿಕೊಳ್ಳುತ್ತಿದ್ದಾನೋ ತಿಳಿಯದ ಹಾಗೆ ಮಾತಾಡತೊಡಗಿದ.

“ಈಗ ಪೇಪರ್ ಕೊಟ್ಟಿರ್ತಾರೆ. ಈಗ ಅಂಗೈ ಬೆವರ್ತದೆ… ಈಗ ಕಿವಿ ಮುಚ್ಕತದೆ. ಬಾವಿ ಒಳಿಕ್ ಇಳಿದಂಗೆ, ಯಾರ್ ಮಾತಾಡಿದ್ರೂ ಮ್ಯಾಲೆಲ್ಲೋ ದೂರದಲ್ಲಿ ಕೇಳ್ತದೆ. ಆಗ್ಲೇ ಎದ್ದು ಓಡ್ಬೇಕು ಅನ್ಸದು. ಅದೊಂದ್ ಗಳಿಗೆ ದಾಟ್ಬೇಕು ನೋಡು… ಉಸ್ರು ಬುಡವ್ವ, ಬುಡು… ಹಾಂ. ಈಗ ಕಿವಿ ಬುಟ್ಕತದೆ.”

ಗೇಟಿನಿಂದ ಯಾರೂ ಓಡಿ ಬರಲಿಲ್ಲ. ಬಿಸಿಲು ನಮ್ಮ ಕಾಲಿನ ಹತ್ತಿರ ಬಂತು, ನಾವು ಸರಿದು ಕೂತೆವು. ಕೊನೆಯ ಗಂಟೆಯ ನಂತರ ಹುಡುಗಿಯರ ಗುಂಪಿನ ನಡುವೆ ರಾಜಿ ಬಂದಳು. ಬೆರಳೆಲ್ಲ ಶಾಯಿ, ಜಡೆ ಅರ್ಧ ಬಿಚ್ಚಿತ್ತು. “ಒಂದ್ಸಲ ಬಂತು ಮಿಸ್ಸಜ್ಜಿ. ಗೌರಿ ಕೂತವ್ಳೆ ಅಂದ್ಕೊಂಡೆ. ಮೂವತ್ತೆಂಟಕ್ಕೆ ಎದ್ದೋದ್ಲು!” ಎಂದು ಅಲ್ಲೇ ರಸ್ತೆಯಲ್ಲಿ ಕುಣಿದಳು. ಅಣ್ಣ ಎರಡು ದೋಸೆ ತಿಂದ. ರಾಜಿ ಮೂರು.

ಎಲ್ಲ ದಿನವೂ ಬರೆದಳು, ಪಾಸಾದಳು. ಈಗ ಕಾಲೇಜಿನಲ್ಲಿದ್ದಾಳೆ. ಭಾನುವಾರ ಗರಡಿಯಲ್ಲಿ ಸಣ್ಣ ಹುಡುಗಿಯರಿಗೆ ಬೀಳುವುದನ್ನು ಕಲಿಸುವವಳು ಅವಳೇ. ಆಪ್ತಸಮಾಲೋಚಕಿ, ಮ್ಯಾಟು, ಗೌರಿ, ಅವಳ ಸ್ವಂತ ಹಟ, ಇವುಗಳಲ್ಲಿ ಯಾವುದು ಎಷ್ಟು ಎಂದು ಹೇಳಲು ನನಗೆ ಬರುವುದಿಲ್ಲ. ಬರುತ್ತದೆ ಎಂದರೆ ಅದು ಮತ್ತೆ ಟಾನಿಕ್ ಬಾಟಲಿಯ ಚೀಟಿಯಾಗುತ್ತದೆ.

ಆದರೆ ಆ ಕಟ್ಟೆಯ ಮೇಲೆ ಅಣ್ಣ ಆಡಿದ ಮಾತು ನನ್ನನ್ನು ಬಿಟ್ಟಿಲ್ಲ. ಕಿವಿ ಮುಚ್ಚಿಕೊಂಡು ಬಾವಿಗೆ ಇಳಿದಂತಾಗುವುದು ನನಗೂ ಆಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಮೇಲೆ ಬರೆಯುವಾಗಲೂ ಬಿಟ್ಟುಬಿಟ್ಟಿದ್ದೇನೆ, ನೋಡಿ. ತನಗೂ ಹಾಗಾಗುತ್ತದೆಂದು ರಾಜಿ ನನಗೆ ಹೇಳಿದ್ದು ಪರೀಕ್ಷೆಯೆಲ್ಲ ಮುಗಿದ ಮೇಲೆ, ತಾತನಿಗೆ ಹೇಳಿರಲಿಲ್ಲವಂತೆ. ನಮ್ಮಣ್ಣನೋ, ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರು ಮಾಡಿದ ಪೈಲ್ವಾನ. ಇಪ್ಪತ್ತೈದು ತುಂಬುವ ಮೊದಲೇ ಒಂದು ದಿನ ಇದ್ದಕ್ಕಿದ್ದಂತೆ ಅಖಾಡ ಬಿಟ್ಟು ಮನೆಗೆ ಬಂದವನು. ಯಾಕೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಗರಡಿಯಲ್ಲಿ ಅವನು ಮೂಲೆಯ ಮಣ್ಣಿಗೆ ನೀರು ಚಿಮುಕಿಸುತ್ತಿದ್ದ. ಪಕ್ಕದಲ್ಲಿ ಕೂತು ಕೇಳಿದೆ:

“ಅಣ್ಣಾ, ಆ ಬಾವಿಯ ವಿಷಯ ನಿನಗೆ ಹೇಗೆ ಗೊತ್ತು?”

ಅವನು ಚೊಂಬಿನಲ್ಲಿದ್ದ ನೀರನ್ನೆಲ್ಲ ಮಣ್ಣಿಗೆ ಹಾಕಿದ. ಇನ್ನೊಂದು ಚೊಂಬು ತುಂಬಿಕೊಂಡು ಬರಲು ಎದ್ದು ಹೋದ. ನಾನಿನ್ನೂ ಕಾಯುತ್ತಿದ್ದೇನೆ.